ಅಚ್ಚಾದ ಪುಟವೇ ಸಾಕ್ಷಿ

ಕೇಳುಗರಿಗೆ ನಮಸ್ಕಾರ. ಹಳೆಯ ಪತ್ರಿಕೆಗಳ ಮುಖಪುಟ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪತ್ರಿಕೆಗಾಗಿ ಬರೆದ ಮೂಲಚಿತ್ರ ಅಸಲಿಯೋ ನಕಲಿಯೋ ಎಂಬುದಕ್ಕೆ ಮೊದಲ ಸಾಕ್ಷಿ ಅಚ್ಚಾದ ಪುಟವೇ.

ಅಮೆರಿಕದ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಅವರನ್ನೇ ತೆಗೆದುಕೊಳ್ಳಿ. ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಗೆ 1916ರಲ್ಲಿ ಮೊದಲ ಮುಖಪುಟ ಬರೆದಾಗ ಅವರಿಗೆ 22 ವರ್ಷ. ಮುಂದಿನ 47 ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಬರೆದರು. ಮೊದಲು ಪುಟ್ಟ ಕರಡು. ಆಮೇಲೆ ನೆರೆಹೊರೆಯವರನ್ನು ನಿಲ್ಲಿಸಿ ಫೋಟೊ. ಅದನ್ನು ನೋಡಿ ಇದ್ದಿಲಿನಲ್ಲಿ ಪೂರ್ಣ ಅಳತೆಯ ರೇಖಾಚಿತ್ರ. ಬಣ್ಣ ಗೊತ್ತುಮಾಡಲು ಪುಟದಷ್ಟೇ ಅಳತೆಯ ಇನ್ನೊಂದು ಚಿತ್ರ. ಕೊನೆಗೆ ಕ್ಯಾನ್ವಾಸಿನ ಮೇಲೆ ತೈಲವರ್ಣ. ಮೂರು ಅಡಿಗೂ ದೊಡ್ಡ ಚಿತ್ರ ಒಂದು ಪುಟಕ್ಕೆ ಕುಗ್ಗಿದರೂ ಭಾವ ತಿಳಿಯಬೇಕಲ್ಲ? ಹಾಗಾಗಿ ಅವರ ಶ್ರಮವೆಲ್ಲ ಮುಖಕ್ಕೆ, ಕೈಗಳಿಗೆ. ನಕಲು ಮಾಡುವವರು ಸೋಲುವುದೂ ಅಲ್ಲೇ.

1954ರ ಒಂದು ಮುಖಪುಟ. ಕಾಲೇಜಿಗೆ ಹೊರಟ ಮಗ, ರೈಲಿಗೆ ಕಾದು ಕೂತ ರೈತ ತಂದೆ, ಮಗನ ತೊಡೆಯ ಮೇಲೆ ತಲೆಯಿಟ್ಟ ನಾಯಿ. ಅದರ ಮೂಲವನ್ನು 1960ರಲ್ಲಿ ಡಾನ್ ಟ್ರಾಕ್ಟಿ ಎಂಬ ವ್ಯಂಗ್ಯಚಿತ್ರಕಾರ 900 ಡಾಲರಿಗೆ ಕೊಂಡರು. ಮುಂದೆ ಅದು ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೂ ಬಂತು. ಅಚ್ಚಾದ ಪುಟಕ್ಕೂ ಆ ಚಿತ್ರಕ್ಕೂ ಹುಡುಗನ ಮುಖ ಹೊಂದುತ್ತಿರಲಿಲ್ಲ. ತಜ್ಞರು ಏನೆಂದರು? ಯಾರೋ ತೊಳೆದು ದುರಸ್ತಿ ಮಾಡುವಾಗ ಕೆಡಿಸಿದ್ದಾರೆ ಎಂದರು! ಪುಟ ಎದುರಿಗೇ ಇತ್ತು. ಅದರ ಮಾತು ಕೇಳಲಿಲ್ಲ. ಟ್ರಾಕ್ಟಿ 2005ರಲ್ಲಿ ತೀರಿಕೊಂಡರು. ಮರುವರ್ಷ ಮಕ್ಕಳು ಮನೆಯ ಗೋಡೆಯ ಮರದ ಹಲಗೆ ಸರಿಸಿದಾಗ ಹಿಂದೆ ಮೂಲಚಿತ್ರ ಸಿಕ್ಕಿತು. ಮ್ಯೂಸಿಯಂನಲ್ಲಿ ತೂಗುಹಾಕಿದ್ದುದು ಟ್ರಾಕ್ಟಿಯೇ ಬರೆದ ನಕಲು. ಅಸಲಿ ಅದೇ ವರ್ಷ ಹರಾಜಿನಲ್ಲಿ ಒಂದೂವರೆ ಕೋಟಿ ಡಾಲರಿಗೂ ಮೇಲೆ ಹೋಯಿತು.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ಪುಟವನ್ನು ಪಕ್ಕದಲ್ಲಿಟ್ಟು ಕಣ್ಣು, ತುಟಿ, ಬೆರಳುಗಳನ್ನು ಹೋಲಿಸಿ. ಬಣ್ಣವನ್ನು ನಂಬಬೇಡಿ, ಕಾಗದ ಹಳದಿಯಾಗುತ್ತದೆ, ಚಿತ್ರದ ಮೇಲಿನ ವಾರ್ನಿಷ್ ಕೂಡ. 1926ಕ್ಕೆ ಮುಂಚೆ ಪೋಸ್ಟ್ ಮುಖಪುಟಕ್ಕೆ ಹೆಚ್ಚಾಗಿ ಕಪ್ಪು, ಕೆಂಪು ಎರಡೇ ಶಾಯಿ. ಭೂತಗನ್ನಡಿಯಲ್ಲಿ ಸಾಲಾಗಿ ಚುಕ್ಕಿ ಕಂಡರೆ ಅದು ಮುದ್ರಣ, ಕುಂಚದ ಕೆಲಸವಲ್ಲ. ಪುಟವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಗೋಂದು ಹಚ್ಚಬೇಡಿ; ತಾರೀಕು ಇರುವ ಅಂಚಿಗೆ ಕತ್ತರಿ ಹಾಕಲೇಬೇಡಿ. ನಮಸ್ಕಾರ.