ಲೋಟ ಇಟ್ಟರೆ ಸದ್ದಾಯಿತು

ಎಲ್ಲರಿಗೂ ನಮಸ್ಕಾರ. ಆಸ್ಕರ್ ಸೀಸನ್ ಬಂತೆಂದರೆ ಯಾರಿಗೆ ಬಂತು, ಯಾರಿಗೆ ತಪ್ಪಿತು ಅನ್ನೋದೇ ಮಾತು. ಸಿನಿಮಾದ ಬಗ್ಗೆ ಮಾತು ಕಮ್ಮಿ. ಅದಕ್ಕೇ ಇವತ್ತು ಒಂದು ಮೂಕಿ ಚಿತ್ರ ತಂದಿದ್ದೇವೆ, 'ದಿ ಆರ್ಟಿಸ್ಟ್'. 2011ರದ್ದು. ನಿರ್ದೇಶಕ ಫ್ರಾನ್ಸಿನ ಮಿಷೆಲ್ ಹಜನವಿಸಿಯಸ್. 2012ರಲ್ಲಿ 10 ನಾಮಿನೇಷನ್, 5 ಆಸ್ಕರ್, ಅದರಲ್ಲಿ ಅತ್ಯುತ್ತಮ ಚಿತ್ರವೂ ಒಂದು. ಲೆಕ್ಕ ಇಷ್ಟು ಸಾಕು.

ಹಳೇ ಕಾಲದ ನೆನಪಿಗೆ ಸೋತು ಪ್ರಶಸ್ತಿ ಕೊಟ್ಟರು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇದು ಹಳೇ ಸಿನಿಮಾದ ನಕಲು ಅಲ್ಲ, ಶಬ್ದದ ರುಚಿ ಗೊತ್ತಿರುವ ಕಾಲದವರು ಮಾತ್ರ ಮಾಡಬಹುದಾದ ಸಿನಿಮಾ. ಒಂದು ದೃಶ್ಯ ಹೇಳುತ್ತೇನೆ. ಹೀರೋ ಜಾರ್ಜ್ ಮೂಕಿ ಚಿತ್ರಗಳ ದೊಡ್ಡ ಸ್ಟಾರ್, ಟಾಕಿ, ಅಂದರೆ ಮಾತಾಡುವ ಸಿನಿಮಾ ಬಂದಿದ್ದು ನೋಡಿ ನಕ್ಕವನು. ಮೇಕಪ್ ರೂಮಿನಲ್ಲಿ ಕೂತು ಲೋಟ ಕೆಳಗಿಡುತ್ತಾನೆ. ಟಕ್ ಅಂತ ಸದ್ದು! ಅಲ್ಲೀತನಕ ಬರೀ ಸಂಗೀತ ಕೇಳಿದ ನಮಗೂ ಬೆಚ್ಚಿ ಬೀಳುವ ಹಾಗಾಗುತ್ತದೆ. ಮತ್ತೆ ಇಡುತ್ತಾನೆ, ಮತ್ತೆ ಸದ್ದು. ನಾಯಿ ಬೊಗಳುತ್ತದೆ, ಫೋನ್ ಹೊಡೆದುಕೊಳ್ಳುತ್ತದೆ, ಹೊರಗೆ ಹುಡುಗಿಯರು ನಗುತ್ತಾರೆ, ಕೊನೆಗೆ ಒಂದು ಹಕ್ಕಿಯ ಪುಕ್ಕ ನೆಲಕ್ಕೆ ಬಿದ್ದು ಬಾಂಬ್ ಥರ ಸಿಡಿಯುತ್ತದೆ, ಆದರೆ ಇವನು ಎಷ್ಟು ಕಿರುಚಿದರೂ ಇವನ ಗಂಟಲಿನಿಂದ ಮಾತ್ರ ಏನೂ ಹೊರಡುವುದಿಲ್ಲ.

ನಮ್ಮ ದಾವಣಗೆರೆಯಲ್ಲಿ ಅಭಿನಯ ಅಂದರೆ ಮೊದಲು ಗಂಟಲು, ಅಲ್ವಾ? ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ನೋಡಿದವರು ಇಲ್ಲಿದ್ದೀರಿ. ಹಿಂದಿನ ಸಾಲಿಗೂ ಮಾತು ಮುಟ್ಟಬೇಕಿತ್ತು. ಇಲ್ಲಿ ನೋಡಿ, ಪೆಪ್ಪಿ ಅನ್ನೋ ಹುಡುಗಿ ಸ್ಟ್ಯಾಂಡಿನಲ್ಲಿ ನೇತುಹಾಕಿದ ಜಾರ್ಜ್‌ನ ಕೋಟಿನ ತೋಳಿಗೆ ತನ್ನ ಒಂದು ಕೈ ತೂರಿಸಿ ಆ ಕೈಯಿಂದ ತನ್ನ ಸೊಂಟವನ್ನೇ ಬಳಸಿಕೊಳ್ಳುತ್ತಾಳೆ. ಅವನೇ ಅಪ್ಪಿಕೊಂಡ ಹಾಗೆ ಕಾಣುತ್ತದೆ. ಯಾವ ಡೈಲಾಗೂ ಬೇಡ.

ಇನ್ನೊಂದು ವಿಷಯ. ಕಲರ್‌ನಲ್ಲಿ ಚಿತ್ರೀಕರಿಸಿ ಆಮೇಲೆ ಕಪ್ಪು ಬಿಳುಪು ಮಾಡಿದ್ದು. ಸೆಕೆಂಡಿಗೆ 24ರ ಬದಲು 22 ಫ್ರೇಮ್ ತೆಗೆದು, ತೋರಿಸುವಾಗ 24ರ ವೇಗದಲ್ಲಿ ಓಡಿಸುತ್ತಾರೆ. ಅದಕ್ಕೇ ನಡಿಗೆ ಸ್ವಲ್ಪ ಚುರುಕು.

'ಪುಷ್ಪಕ ವಿಮಾನ' ಥರಾನಾ ಅಂತ ಕೇಳಬಹುದು. 1987ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ನಮ್ಮ ಬೆಂಗಳೂರಿನಲ್ಲೇ ಮಾಡಿದ ಆ ಚಿತ್ರದಲ್ಲಿ ಮಾತಿಲ್ಲ, ಸದ್ದು ಬೇಕಾದಷ್ಟಿದೆ. ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬರದ ಕಮಲ್ ಹಾಸನ್ ಥಿಯೇಟರ್ ಗಲಾಟೆ ಟೇಪ್ ಮಾಡಿಕೊಂಡು ಬಂದು ಮಲಗುತ್ತಾರೆ. ಅಶೋಕ ಟಾಕೀಸ್ ರೈಲ್ವೆ ಗೇಟಿನ ಹಾರ್ನ್ ಕೇಳಿ ಬೆಳೆದವರಿಗೆ ಅದು ಬೇಗ ಅರ್ಥವಾಗುತ್ತದೆ. ನನ್ನ ಕೇಳಿದರೆ ಹಾಸ್ಯದಲ್ಲಿ ನಮ್ಮದೇ ಒಂದು ಕೈ ಮೇಲು.

ನನಗೊಂದು ತಕರಾರೂ ಇದೆ. ಸಂಗೀತಕ್ಕೂ ಆಸ್ಕರ್ ಬಂತು, ಸರಿ. ಆದರೆ ಕ್ಲೈಮ್ಯಾಕ್ಸಿನಲ್ಲಿ ಬಳಸಿದ್ದು ಹಿಚ್‌ಕಾಕ್‌ರ ಹಳೇ ಚಿತ್ರ 'ವರ್ಟಿಗೋ'ಗೆ ಬರ್ನಾರ್ಡ್ ಹರ್ಮನ್ ಮಾಡಿದ ಸಂಗೀತ. ಅದರ ನಾಯಕಿ ಕಿಮ್ ನೊವಾಕ್ ಆಗ ಜೋರಾಗಿಯೇ ಸಿಟ್ಟಾದರು. ಸಾಲ ತಂದ ಕಣ್ಣೀರು ಅದು. ನೀವೂ ಕೇಳಿ, ಜಗಳ ಆಮೇಲೆ ಆಡೋಣ.

ಕೊನೆಯ ಡ್ಯಾನ್ಸ್ ಮುಗಿಯಿತು ಅಂತ ಮಾತ್ರ ಎದ್ದು ಹೊರಡಬೇಡಿ. ಜಾರ್ಜ್ ಬಾಯಿ ಬಿಡುತ್ತಾನೆ, ಒಂದೇ ಒಂದು ಸಲ. ಅವನ ಉಚ್ಚಾರ ಗಮನಿಸಿ, ಟಾಕಿಗೆ ಯಾಕೆ ಅಷ್ಟು ಹೆದರಿದ್ದ ಅಂತ ಗೊತ್ತಾಗುತ್ತದೆ.