ಮಾಗಿ ಕಾಲದ ಹಣ್ಣಿನ ಬಟ್ಟಲು

ಕೇಳುಗರೆಲ್ಲರಿಗೂ ನಮಸ್ಕಾರ.

ಹಸಿದು ಹಲಸು ತಿನ್ನು, ಉಂಡು ಮಾವು ತಿನ್ನು ಅಂತ ನಮ್ಮಲ್ಲೊಂದು ಗಾದೆ ಇದೆ. ಎರಡೂ ಬೇಸಿಗೆಯ ಹಣ್ಣು. ಹಣ್ಣು ಅಂದ ಕೂಡಲೇ ನಮ್ಮ ಮನಸ್ಸು ಬೇಸಿಗೆಗೇ ಓಡುತ್ತದೆ. ಚಳಿಗಾಲಕ್ಕೂ ಅದರದೇ ಹಣ್ಣುಗಳಿವೆ ಅಂತ ಎಷ್ಟೋ ಜನಕ್ಕೆ ನೆನಪಾಗುವುದು ಸಂಕ್ರಾಂತಿಯ ಹಿಂದಿನ ದಿನ, ಮಕ್ಕಳಿಗೆ ಎರೆಯಲು ಎಲಚಿಹಣ್ಣು ಹುಡುಕಿಕೊಂಡು ಮಾರುಕಟ್ಟೆಗೆ ಹೋದಾಗ. ಚಳಿಗಾಲವನ್ನು ನಾವು ಮಾಗಿ ಅನ್ನುತ್ತೇವೆ. ಮಾಘಮಾಸದಿಂದ ಬಂದ ಹೆಸರು ಅದು. ಆದರೂ ಮಾಗಿ ಅಂದಾಗಲೆಲ್ಲ ನನ್ನ ಕಿವಿಗೆ ಮಾಗಿದ ಹಣ್ಣು ಅಂತಲೇ ಕೇಳಿಸುತ್ತದೆ.

ಇವತ್ತು ಆ ಮಾಗಿಯ ಹಣ್ಣುಗಳಿಂದ ಮನೆಯಲ್ಲೇ ಫ್ರೂಟ್ ಸಲಾಡ್ ಮಾಡುವ ಬಗ್ಗೆ ಮಾತಾಡುತ್ತೇನೆ. ಫ್ರೂಟ್ ಸಲಾಡ್ ಅಂದರೆ ಹೋಟೆಲಿನ ಗಾಜಿನ ಬಟ್ಟಲು ಕಣ್ಣಮುಂದೆ ಬರುತ್ತದೆ, ಅಲ್ವಾ? ಕಸ್ಟರ್ಡ್, ಐಸ್‌ಕ್ರೀಮು, ಮೇಲೊಂದು ಕೆಂಪು ಚೆರ್ರಿ. ನಾನು ಹೇಳುತ್ತಿರುವುದು ಅದಲ್ಲ. ಇದಕ್ಕೆ ಕೆನೆ ಬೇಡ, ಸಕ್ಕರೆಯೂ ಬೇಡ. ಯಾವ ಹಣ್ಣು ಯಾವಾಗ ಬಟ್ಟಲಿಗೆ ಬೀಳಬೇಕು ಅಂತ ಗೊತ್ತಿದ್ದರೆ ಸಾಕು.

ನಾನು ಅದನ್ನು ಕಲಿತದ್ದು ಒಮ್ಮೆ ಕೆಡಿಸಿದ ಮೇಲೆ. ಜನವರಿಯಲ್ಲಿ ಮಗಳ ಹುಟ್ಟುಹಬ್ಬ. ನೆಂಟರು ಬರುವುದು ಸಂಜೆ 5 ಗಂಟೆಗೆ. ಕೆಲಸ ಮುಗಿದಿರಲಿ ಅಂತ ಬೆಳಿಗ್ಗೆ 10 ಗಂಟೆಗೇ ಎಲ್ಲ ಹಣ್ಣು ಹೆಚ್ಚಿದೆ. ಸಕ್ಕರೆ ಬೆರೆಸಿ ಮುಚ್ಚಿಟ್ಟೆ. ಸಂಜೆ ಮುಚ್ಚಳ ತೆಗೆದರೆ ಬಾಳೆಹಣ್ಣು ಕಪ್ಪಗಾಗಿತ್ತು. ಪರಂಗಿ ಹಣ್ಣು ಕರಗಿ ಗಂಜಿಯಾಗಿತ್ತು. ತಳದಲ್ಲಿ ಎರಡು ಲೋಟದಷ್ಟು ನೀರು ನಿಂತಿತ್ತು. ಮಗಳು ಏನೂ ಅನ್ನಲಿಲ್ಲ, ಸುಮ್ನೆ ಬಟ್ಟಲು ನೋಡಿದಳು. ಅಷ್ಟು ಒಳ್ಳೆಯ ಹಣ್ಣು ಹಾಳಾಯಿತಲ್ಲ ಅಂತ ನನಗೆ ಬಹಳ ಬೇಸರವಾಯಿತು.

ಅದು ಹಾಗಾದದ್ದಕ್ಕೆ ಕಾರಣ ಇದೆ. ಉಪ್ಪಿನಕಾಯಿ ಹಾಕುವಾಗ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ನೀರು ಬಿಟ್ಟಿರುತ್ತದಲ್ಲ, ಹಣ್ಣಿನ ಹೋಳಿಗೆ ಸಕ್ಕರೆಯೂ ಅದನ್ನೇ ಮಾಡುತ್ತದೆ. ಒಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಇನ್ನು ಕಪ್ಪಾಗುವುದು. ಹಣ್ಣಿನೊಳಗೆ ಒಂದು ಕಿಣ್ವ ಇರುತ್ತದೆ. ಚಾಕು ತಾಗಿ ಹೋಳಾದಾಗ ಅದಕ್ಕೆ ಗಾಳಿ ಸೋಕಿ ಹೋಳು ಕಂದುತ್ತದೆ. ಬಾಳೆ, ಸೇಬು ಬೇಗ ಕಂದುತ್ತವೆ. ಹುಳಿ ಇದ್ದರೆ ಆ ಕಿಣ್ವದ ಕೆಲಸ ನಿಧಾನವಾಗುತ್ತದೆ. ಹಾಗಾಗಿ ಹುಳಿ ಹಣ್ಣು ಮೊದಲು ಬಟ್ಟಲಿಗೆ ಹೋಗಬೇಕು, ಬಾಳೆ ಕೊನೆಗೆ. ಸಕ್ಕರೆ ಬೇಡವೇ ಬೇಡ.

ಈಗ ಸಂತೆಗೆ ಹೋಗೋಣ. ಮೊದಲು ಕಣ್ಣಿಗೆ ಬೀಳುವುದು ಸೀಬೆ. ನಮ್ಮ ಮೈಸೂರು ಕಡೆ ಸೀಬೆ, ಧಾರವಾಡದ ಕಡೆ ಪೇರಲ, ಕರಾವಳಿಯಲ್ಲಿ ಪೇರಳೆ, ಕೋಲಾರದ ಕಡೆ ಚೇಪೆಕಾಯಿ. ಇಷ್ಟು ಹೆಸರಿರುವ ಹಣ್ಣಿಗೆ ಮನೆಯಲ್ಲಿ ಮಾತ್ರ ಮರ್ಯಾದೆ ಕಡಿಮೆ. ಸೇಬನ್ನು ಡಬ್ಬಿಗೆ ಹಾಕಿ ಕಳಿಸುತ್ತೇವೆ, ಸೀಬೆಯನ್ನು ಮಕ್ಕಳು ದಾರಿಯಲ್ಲಿ ತಿಂದುಕೊಳ್ಳಲಿ ಅಂತ ಬಿಡುತ್ತೇವೆ. ನಿಜವಾಗಿ 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ ಸಿ ಜೀವಸತ್ವ ಇರುತ್ತದೆ. ಅಷ್ಟೇ ತೂಕದ ಕಿತ್ತಳೆಯಲ್ಲಿ ಇರುವುದು 50ರ ಆಸುಪಾಸು. ರಾಗಿಯಲ್ಲಿ, ಸೊಪ್ಪಿನಲ್ಲಿ ಇರುವ ಕಬ್ಬಿಣದ ಅಂಶ ಮೈಗೆ ಹತ್ತುವುದಕ್ಕೂ ಈ ಸಿ ಜೀವಸತ್ವ ನೆರವಾಗುತ್ತದೆ. ಮುದ್ದೆ, ಸೊಪ್ಪಿನ ಸಾರು ಉಂಡ ಮೇಲೆ ನಾಲ್ಕು ಹೋಳು ಸೀಬೆ ತಿಂದರೆ ಎಷ್ಟು ಒಳ್ಳೆಯದು ನೋಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಅರ್ಕಾ ಕಿರಣ್ ಅನ್ನುವ ತಳಿ ಇದೆ. ಒಳಗೆಲ್ಲ ಕೆಂಪು. ಅದು ಸಿಕ್ಕರೆ ಬಟ್ಟಲಿಗೆ ಬಣ್ಣವೂ ಬರುತ್ತದೆ. ಸಲಾಡಿಗೆ ಆರಿಸುವಾಗ ಪೂರ್ತಿ ಮೆತ್ತಗಾದದ್ದು ಬೇಡ. ಹಸಿರು ತಿರುಗಿ ಹಳದಿಗೆ ಬರುತ್ತಿರಬೇಕು, ಮೂಗಿಗೆ ಹಿಡಿದರೆ ಘಮ ಬರಬೇಕು. ಹಲ್ಲು ಸರಿಯಿಲ್ಲದ ಹಿರಿಯರಿದ್ದರೆ ನಡುವಿನ ಬೀಜದ ತಿರುಳನ್ನು ಚಮಚದಿಂದ ತೆಗೆದು ಸುತ್ತಲಿನದನ್ನು ಹೆಚ್ಚಿ.

ಸಪೋಟ ಆರಿಸುವಾಗ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಕೆಳಗೆ ಹಸಿರು ಕಂಡರೆ ಇನ್ನೂ ಬಲಿತಿಲ್ಲ. ತಿಂದರೆ ನಾಲಿಗೆಗೆ ಅಂಟು, ಒಗರು. ದಾಳಿಂಬೆ ಕೈಗೆ ಭಾರ ಅನಿಸಬೇಕು. ಚೆಂಡಿನ ಹಾಗೆ ಪೂರ್ತಿ ಗುಂಡಗಿರುವುದಕ್ಕಿಂತ ಪಕ್ಕಗಳು ಸ್ವಲ್ಪ ಮಟ್ಟಸವಾಗಿ, ಏಣು ಬಂದ ಹಾಗಿರುವುದು ಒಳ್ಳೆಯದು. ಒಳಗೆ ಕಾಳು ತುಂಬಿ ಸಿಪ್ಪೆಯನ್ನು ಒತ್ತಿರುತ್ತದೆ. ದ್ರಾಕ್ಷಿಗೆ ಮಾತ್ರ ಆತುರ ಬೇಡ. ವಿಜಯಪುರದ ಕಡೆಯ ದ್ರಾಕ್ಷಿಗೆ ಸಿಹಿ ತುಂಬುವುದು ಜನವರಿ ಕಳೆದ ಮೇಲೆ.

ಕಿತ್ತಳೆ ಬಗ್ಗೆ ಒಂದು ಮಾತು. ಈ ಕಾಲದಲ್ಲಿ ಅಂಗಡಿ ತುಂಬ ನಾಗಪುರದ ಕಿತ್ತಳೆ. ಒಳ್ಳೆಯ ಹಣ್ಣು, ತನ್ನಿ. ಆದರೆ ಕೊಡಗಿನ ಕಿತ್ತಳೆ ಎಲ್ಲಾದರೂ ಕಂಡರೆ ಬಿಡಬೇಡಿ. ಕಾಫಿ ಗಿಡಗಳ ನಡುವೆ ಬೆಳೆಯುವ ಹಣ್ಣು ಅದು. ನೋಡಲು ಅಷ್ಟೇನೂ ಚೆಂದ ಇಲ್ಲ. ಹಸಿರು ಬೆರೆತ ಹಳದಿ, ಸಿಪ್ಪೆ ಸಡಿಲ. ಬಾಯಿಗಿಟ್ಟರೆ ಸಿಹಿಯ ಹಿಂದೆಯೇ ಒಂದು ಹುಳಿ ಬರುತ್ತದೆ. ಸಲಾಡಿಗೆ ಬೇಕಾದದ್ದು ಆ ಹುಳಿಯೇ. ಗಿಡಗಳಿಗೆ ರೋಗ ಬಿದ್ದು ಕೊಡಗಿನಲ್ಲಿ ಈ ಬೆಳೆ ತುಂಬ ಇಳಿದುಹೋಗಿದೆ. ಇದು ಕೊಡಗಿನದೇ ಹಣ್ಣು ಅಂತ ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ಆದರೆ ನಾವು ಕೇಳಿ ಕೊಂಡರೆ ತಾನೇ ಬೆಳೆಯುವವರು ಉಳಿಯುವುದು?

ಹಾಗೆಯೇ ದೇವನಹಳ್ಳಿ ಚಕ್ಕೋತ. ಇದನ್ನು ಬಿಡಿಸಲು ಬರುವುದಿಲ್ಲ ಅಂತಲೇ ಎಷ್ಟೋ ಜನ ತರುವುದಿಲ್ಲ. ಬಿಡಿಸುವುದನ್ನು ನಿಧಾನವಾಗಿ ಹೇಳುತ್ತೇನೆ. ಮೊದಲು ಮೇಲಿನ ತೊಟ್ಟಿನ ಭಾಗವನ್ನು ಒಂದು ಬೆರಳು ದಪ್ಪದಷ್ಟು ಕತ್ತರಿಸಿ ತೆಗೆಯಿರಿ. ಮೇಲಿನಿಂದ ಕೆಳಗೆ ಸಿಪ್ಪೆಯ ಮೇಲೆ ಮಾತ್ರ ಆರು ಗೀರು ಹಾಕಿ. ಒಳಗಿನ ತೊಳೆಗೆ ಚಾಕು ತಾಗಬಾರದು. ಹೆಬ್ಬೆರಳು ಒಳಗೆ ತೂರಿಸಿ ಸಿಪ್ಪೆಯನ್ನು ಹೂವಿನ ಎಸಳಿನ ಹಾಗೆ ಹಿಂದಕ್ಕೆ ಎಳೆಯಿರಿ. ದಪ್ಪನೆಯ ಬಿಳಿ ಭಾಗವೂ ಅದರ ಜೊತೆಗೇ ಬರುತ್ತದೆ. ನಡುವೆ ಉಂಡೆ ಉಳಿಯುತ್ತದೆ. ಅದನ್ನು ಎರಡು ಹೋಳಾಗಿ ಬಿಡಿಸಿ ಒಂದೊಂದೇ ತೊಳೆ ತೆಗೆಯಿರಿ. ಇಲ್ಲಿ ನಿಲ್ಲಿಸಬೇಡಿ. ತೊಳೆಯ ಮೇಲಿನ ಪೊರೆ ಕಹಿ. ಅದರ ಬೆನ್ನು ಸೀಳಿ ಪೊರೆಯನ್ನು ಪೂರ್ತಿ ಸುಲಿಯಬೇಕು. ಆಗ ಒಳಗಿನ ಎಸಳು ಮುತ್ತಿನ ಗೊಂಚಲಿನ ಹಾಗೆ ಇಡಿಯಾಗಿ ಕೈಗೆ ಬರುತ್ತದೆ. ಒಂದು ಹಣ್ಣಿಗೆ ಹದಿನೈದು ನಿಮಿಷ ಬೇಕು. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ರಕ್ತದೊತ್ತಡಕ್ಕೆ, ಕೊಲೆಸ್ಟ್ರಾಲಿಗೆ ಕೊಡುವ ಕೆಲವು ಮಾತ್ರೆಗಳಿಗೂ ಚಕ್ಕೋತಕ್ಕೂ ಸರಿಹೋಗುವುದಿಲ್ಲ. ಅಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ತಿನ್ನಿ.

ಬಾಳೆಗೆ ಏಲಕ್ಕಿ ಬಾಳೆ ಸರಿ. ಗಟ್ಟಿ ಇರುತ್ತದೆ, ಹೋಳು ಕಲಸಿಹೋಗುವುದಿಲ್ಲ. ಪಚ್ಚಬಾಳೆ ಮೆತ್ತಗೆ, ಇದಕ್ಕೆ ಆಗಿಬರುವುದಿಲ್ಲ. ಪುಣ್ಯಕ್ಕೆ ನಂಜನಗೂಡು ರಸಬಾಳೆ ಸಿಕ್ಕಿತು ಅಂದುಕೊಳ್ಳಿ, ಅದನ್ನು ಯಾವುದಕ್ಕೂ ಬೆರೆಸಬೇಡಿ. ಹಾಗೆಯೇ ಸುಲಿದು ತಿನ್ನಿ.

ಇನ್ನು ಮಾಡುವುದು. ಆರು ಜನಕ್ಕೆ ಎರಡು ಕಿತ್ತಳೆ, ಚಕ್ಕೋತದ ನಾಲ್ಕೈದು ತೊಳೆ, ಎರಡು ಸೀಬೆ, ಅರ್ಧ ಪರಂಗಿ ಹಣ್ಣು, ಒಂದು ದಾಳಿಂಬೆ, ಎರಡು ಸಪೋಟ, ಮೂರು ಏಲಕ್ಕಿ ಬಾಳೆ, ಒಂದು ಹಿಡಿ ಎಲಚಿಹಣ್ಣು ಸಾಕು. ಎಲ್ಲ ಹಣ್ಣನ್ನೂ ಹೆಚ್ಚುವ ಮೊದಲೇ ತೊಳೆದು ಒರೆಸಿಡಿ. ಸಿಪ್ಪೆ ತೆಗೆಯುವ ಹಣ್ಣಾದರೂ ತೊಳೆಯಬೇಕು. ಇಲ್ಲದಿದ್ದರೆ ಹೊರಗಿನ ಕೊಳೆ ಚಾಕುವಿನ ಜೊತೆ ಒಳಗೆ ಹೋಗುತ್ತದೆ.

ಅಗಲವಾದ ಪಾತ್ರೆ ತೆಗೆದುಕೊಳ್ಳಿ. ತಳಕ್ಕೆ ಕಿತ್ತಳೆ, ಚಕ್ಕೋತ. ಕಿತ್ತಳೆ ತೊಳೆಯ ಬೀಜ ತೆಗೆದು, ಪಾತ್ರೆಯ ಮೇಲೆಯೇ ಕೈಯಿಂದ ಎರಡಾಗಿ ಮುರಿಯಿರಿ. ಸುರಿಯುವ ರಸ ಪಾತ್ರೆಗೇ ಬೀಳಲಿ. ಉಳಿದ ಹಣ್ಣಿಗೆಲ್ಲ ಆ ರಸವೇ ಕಾವಲು. ಅದರ ಮೇಲೆ ಸೀಬೆ ಹೋಳು ಹಾಕಿ, ಒಮ್ಮೆ ಕೈಯಾಡಿಸಿ. ಸೀಬೆಗೆ ರಸ ಅಂಟಬೇಕು. ಆಮೇಲೆ ಬೀಜ ಬಿಡಿಸಿದ ಎಲಚಿಹಣ್ಣು, ದಾಳಿಂಬೆ ಕಾಳು. ಈ ಹಂತದವರೆಗೆ ಬೇಕಾದರೆ ಒಂದೆರಡು ಗಂಟೆ ಮೊದಲೇ ಮಾಡಿ ಫ್ರಿಜ್ಜಿನಲ್ಲಿ ಮುಚ್ಚಿಡಬಹುದು. ಪರಂಗಿ, ಸಪೋಟ, ಬಾಳೆ ಮಾತ್ರ ಎಲೆ ಹಾಕುವ ಹೊತ್ತಿಗೇ ಹೆಚ್ಚಬೇಕು. ಈ ಮೂರನ್ನು ಹಾಕಿದ ಮೇಲೆ ಸೌಟಿನಿಂದ ತಿರುವಬೇಡಿ. ಪಾತ್ರೆಯನ್ನೇ ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಕುಲುಕಿ.

ಮೇಲಕ್ಕೆ ಅರ್ಧ ನಿಂಬೆಹಣ್ಣಿನ ರಸ, ಕಾಲು ಚಮಚ ಶುಂಠಿ ರಸ, ಒಂದು ಚಿಟಿಕೆ ಮೆಣಸಿನ ಪುಡಿ. ಕಾಳುಮೆಣಸು ಹೇಳುತ್ತಿದ್ದೇನೆ, ಖಾರದಪುಡಿ ಅಲ್ಲ. ಉಪ್ಪು ಹಾಕುವುದಾದರೆ ಬಡಿಸುವ ಕ್ಷಣಕ್ಕೆ ಒಂದೇ ಚಿಟಿಕೆ. ಹಾಲು, ಕೆನೆ ತರಬೇಡಿ. ಕಿತ್ತಳೆ ಹುಳಿಗೆ ಹಾಲು ಒಡೆಯುತ್ತದೆ. ಸಿಹಿ ಸಾಲದು ಅನ್ನುವವರಿಗೆ ನಮ್ಮ ಮನೆಯಲ್ಲಿ ಒಂದು ದಾರಿ ಇದೆ. ಸಂಕ್ರಾಂತಿ ಆದ ಮೇಲೆ ಎಳ್ಳುಬೆಲ್ಲ ಡಬ್ಬಿಗಟ್ಟಲೆ ಉಳಿದಿರುತ್ತದಲ್ಲ, ಅದನ್ನು ಬಟ್ಟಲಿನ ಮೇಲೆ ಒಂದೊಂದು ಚಮಚ ಉದುರಿಸುತ್ತೇವೆ. ಕೊಬ್ಬರಿ, ಕಡಲೆಕಾಯಿ ಬೀಜ, ಬೆಲ್ಲದ ಅಚ್ಚುಚೂರು, ಹುರಿದ ಎಳ್ಳು. ಮೆತ್ತನೆಯ ಪರಂಗಿ ಹಣ್ಣಿನ ಜೊತೆ ಅದು ಕಟುಕುಟು ಅನ್ನುವುದು ಎಷ್ಟು ಚೆನ್ನಾಗಿರುತ್ತದೆ ಅಂತ ತಿಂದೇ ನೋಡಬೇಕು.

ಸಕ್ಕರೆ ಕಾಯಿಲೆ ಇರುವವರು ಬಾಳೆ, ಸಪೋಟ ಬಿಟ್ಟು ಸೀಬೆ, ಕಿತ್ತಳೆ ಜಾಸ್ತಿ ಹಾಕಿಕೊಳ್ಳಿ. ಅಳತೆಯನ್ನು ನಿಮ್ಮ ವೈದ್ಯರು ಹೇಳಿದ ಹಾಗೆ ಇಟ್ಟುಕೊಳ್ಳಿ. ಜ್ಯೂಸ್ ಮಾಡಿ ಸೋಸಿ ಕುಡಿಯುವುದಕ್ಕಿಂತ ಹಣ್ಣನ್ನು ಅಗಿದು ತಿನ್ನುವುದು ಅವರಿಗೂ ಒಳ್ಳೆಯದು, ಎಲ್ಲರಿಗೂ ಒಳ್ಳೆಯದು.

ಚಳಿಯಲ್ಲಿ ಹಣ್ಣು ಕೊಟ್ಟರೆ ಮಗೂಗೆ ನೆಗಡಿ ಆಗುತ್ತೆ ಕಣಮ್ಮ ಅಂತ ನಮ್ಮ ಅತ್ತೆಯವರು ಹೇಳುತ್ತಿದ್ದರು. ನೀವೂ ಕೇಳಿರುತ್ತೀರಿ. ನೆಗಡಿ ಬರುವುದು ವೈರಸ್ಸಿನಿಂದ, ಸೀಬೆಹಣ್ಣಿನಿಂದ ಅಲ್ಲ. ಆದರೆ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಫ್ರಿಜ್ಜಿನಿಂದ ತೆಗೆದ ಕೊರೆಯುವ ಹಣ್ಣನ್ನು ಡಿಸೆಂಬರಿನ ಬೆಳಗ್ಗೆ ತಿಂದರೆ ಗಂಟಲಿಗೆ ಹಿತವಾಗಿರುವುದಿಲ್ಲ. ಅರ್ಧ ಗಂಟೆ ಮೊದಲು ಹೊರಗಿಡಿ. ಬಿಸಿಲು ಬಿದ್ದ ಮಧ್ಯಾಹ್ನ, ಊಟಕ್ಕೂ ಸಂಜೆ ಕಾಫಿಗೂ ನಡುವೆ ಕೊಡಿ. ಅತ್ತೆಯವರೂ ಕೊನೆಕೊನೆಗೆ ಜಗಲಿಯ ಬಿಸಿಲಿನಲ್ಲಿ ಕೂತು ಒಂದು ಬಟ್ಟಲು ತಿನ್ನುತ್ತಿದ್ದರು.

ಕಿತ್ತಳೆ ಸಿಪ್ಪೆಯನ್ನು ಎಸೆಯಬೇಡಿ. ಒಳಗಿನ ಬಿಳಿ ನಾರು ಕೆರೆದು, ಸಣ್ಣಗೆ ಹೆಚ್ಚಿ, ಒಗ್ಗರಣೆಯ ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ. ಹುಣಸೆರಸ, ಉಪ್ಪು, ಸಾರಿನಪುಡಿ ಹಾಕಿ ಕುದಿಸಿ. ಬೆಲ್ಲ ಮಾತ್ರ ಸ್ವಲ್ಪ ಮುಂದಾಗಿರಲಿ. ಗಟ್ಟಿಯಾದ ಮೇಲೆ ಇಳಿಸಿ. ರಾತ್ರಿ ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಈ ಗೊಜ್ಜು ಕಲಸಿ ಉಣ್ಣಿ.

ನಮಸ್ಕಾರ.