ಬದುವಿನಲ್ಲಿ ಬಿಲ ತೋಡಿದವರು ಯಾರು?

ಕೇಳುಗರೆ, ನಮಸ್ಕಾರ.

ಬೆಳಿಗ್ಗೆ ಹೊಲಕ್ಕೆ ಹೋದಾಗ ಬದುವಿನ ಬುಡದಲ್ಲಿ ನಿನ್ನೆ ಇಲ್ಲದ ಬಿಲವೊಂದು ಕಾಣುತ್ತದೆ. ನೋಡಿದವರಲ್ಲಿ ಒಬ್ಬರು ಹೆಗ್ಗಣ ಎನ್ನುತ್ತಾರೆ, ಇನ್ನೊಬ್ಬರು ಹಾವು ಎನ್ನುತ್ತಾರೆ, ಮತ್ತೊಬ್ಬರು ಮುಳ್ಳುಹಂದಿಯೇ ಸೈ ಎಂದು ಆಣೆ ಮಾಡುತ್ತಾರೆ. ಆ ಮಾತು ಮುಗಿಯುವುದರೊಳಗೆ ಯಾರೋ ಪಾಷಾಣ ತರಲು ಹೊರಟಾಗಿರುತ್ತದೆ. ದಯವಿಟ್ಟು ಅಷ್ಟು ಅವಸರ ಬೇಡ. ಬಿಲದೊಳಗೆ ಇಣುಕುವ ಮೊದಲು ಹೊರಗೆ ಬಿದ್ದಿರುವ ಮಣ್ಣನ್ನು ನೋಡಿ. ಬಿಲ ತೋಡಿದ್ದು ಯಾರು, ಈಗ ಅದರೊಳಗೆ ಇರುವುದು ಯಾರು? ಈ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಆಗಿರಬೇಕೆಂದಿಲ್ಲ.

ಮೊದಲು ತೋಡದವರನ್ನು ಬದಿಗಿಡೋಣ. ನಾಗರಹಾವು ಬಿಲ ತೋಡುವುದಿಲ್ಲ. ಗೆದ್ದಲು ಕಟ್ಟಿದ ಹುತ್ತದಲ್ಲೋ ಇಲಿ ತೋಡಿದ ಬಿಲದಲ್ಲೋ ಹೋಗಿ ಸೇರಿಕೊಳ್ಳುತ್ತದೆ. ನಮ್ಮ ಮೊಲವೂ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ತನ್ನ ಮೈಯಷ್ಟೇ ಅಗಲದ ತಗ್ಗು ಮಾಡಿಕೊಂಡು ಮಲಗುತ್ತದೆ. ಸುರಂಗ ತೋಡುವ ಮೊಲ ಯುರೋಪಿನ ಕಡೆಯದು, ಜಾತಿಯೇ ಬೇರೆ. ಕಾಡುಹಂದಿ ಮೂತಿಯಿಂದ ನೆಲವನ್ನು ಅಗಲಕ್ಕೆ ಮಗುಚಿಹಾಕುತ್ತದೆಯೇ ಹೊರತು ಬಿಲ ಮಾಡುವುದಿಲ್ಲ.

ಸಣ್ಣ ಬಿಲಗಳ ಗುರುತು ಸುಲಭ. ಗದ್ದೆಯ ಬದುವಿನಲ್ಲಿ ಬಾಯಿಯ ಸುತ್ತ ಹಸಿಮಣ್ಣಿನ ಉಂಡೆಗಳು ಬಿದ್ದಿದ್ದರೆ ಅದು ಏಡಿ. ಪುಡಿಮಣ್ಣಿನ ಗುಡ್ಡೆಯಿದ್ದು, ಹಗಲು ಹೊತ್ತಿನಲ್ಲಿ ಬಾಯಿಗೆ ಒಳಗಿನಿಂದ ಮಣ್ಣು ತುರುಕಿದ್ದರೆ ಹೊಲದ ಹೆಗ್ಗಣ. ತೆನೆಗಳನ್ನು ಕತ್ತರಿಸಿ ಒಳಗಿನ ಕೋಣೆಗಳಲ್ಲಿ ಕೂಡಿಡುವುದು ಅದೇ. ಇನ್ನು ಬಿಲ ನೆಲದಲ್ಲಿರದೆ ಹಳ್ಳದ ಕಡಿದಾದ ದಂಡೆಯಲ್ಲಿದ್ದರೆ ಬಾಯಿಯ ತಳವನ್ನು ಹತ್ತಿರದಿಂದ ನೋಡಿ. ಅಕ್ಕಪಕ್ಕದಲ್ಲಿ ಎರಡು ಸಣ್ಣ ಗೀರುಗಾಲುವೆಗಳು ಒಳಕ್ಕೆ ಹೋಗಿದ್ದರೆ ಅದು ಹಕ್ಕಿಯ ಮನೆ. ಮಿಂಚುಳ್ಳಿಯೋ ಜೇನುಹಿಡುಕವೋ ಮರಿಗಳಿಗೆ ಗುಟುಕು ತರುತ್ತ ದಿನವಿಡೀ ಒಳಹೊರಗೆ ಓಡಾಡಿದ ಪಾದಗಳ ಸವೆತ ಅದು. ಮಣ್ಣಿನಲ್ಲಿ ಕಾಣುವ ಗುರುತುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ.

ಕಷ್ಟ ಬರುವುದು ದೊಡ್ಡ ಬಿಲಗಳಲ್ಲಿ. ಒಂದು ಗೇಣು, ಅದಕ್ಕಿಂತ ತುಸು ಅಗಲದ ಬಾಯಿ ಕಂಡರೆ ಎಲ್ಲರೂ ಮುಳ್ಳುಹಂದಿ ಎಂದುಬಿಡುತ್ತಾರೆ. ಆದರೆ ಚಿಪ್ಪುಹಂದಿಯೂ ಹೆಚ್ಚುಕಡಿಮೆ ಅಷ್ಟೇ ತೂಕದ ಪ್ರಾಣಿ. ಎರಡೂ ಹತ್ತು ಕಿಲೋ ದಾಟಿ ಬೆಳೆಯುತ್ತವೆ, ಎರಡೂ ರಾತ್ರಿ ಓಡಾಡುತ್ತವೆ. ಬಾಯಿಯ ಅಗಲ ಅಳೆದರೆ ಏನೂ ತಿಳಿಯುವುದಿಲ್ಲ.

ಮುಳ್ಳುಹಂದಿಯ ಬಿಲದ ಬಾಯಿ ತೆರೆದೇ ಇರುತ್ತದೆ. ಅಲ್ಲಿಗೆ ಹೋಗಿ ಬಂದ ಸವೆದ ದಾರಿ ಇರುತ್ತದೆ. ಕಪ್ಪು ಬಿಳುಪು ಪಟ್ಟೆಯ ಮುಳ್ಳು ಒಂದಾದರೂ ಬಿದ್ದಿರುತ್ತದೆ. ಅದಕ್ಕಿಂತ ಖಚಿತವಾದ ಗುರುತೆಂದರೆ ಮೂಳೆ. ಹುಲ್ಲು, ಗೆಡ್ಡೆ, ತೊಗಟೆ ತಿನ್ನುವ ಪ್ರಾಣಿಯ ಮನೆಮುಂದೆ ಮೂಳೆಗೇನು ಕೆಲಸ ಎಂದು ಕೇಳಬಹುದು. ಸತ್ತ ದನದ ಎಲುಬು, ಜಿಂಕೆಯ ಕೊಂಬು ಏನು ಸಿಕ್ಕರೂ ಅದು ಎಳೆದು ತರುತ್ತದೆ, ಕೂತು ಕೆರೆಯುತ್ತದೆ. ಅದರಿಂದ ಸುಣ್ಣ, ರಂಜಕದ ಅಂಶ ಸಿಗುತ್ತದೆ, ಎಡೆಬಿಡದೆ ಬೆಳೆಯುವ ಬಾಚಿಹಲ್ಲೂ ಸವೆಯುತ್ತದೆ. ಆ ಮೂಳೆಯನ್ನು ಕೋಲಿನಿಂದ ತಿರುಗಿಸಿ ನೋಡಿ. ಜೋಡಿ ಹಲ್ಲಿನ ಚಪ್ಪಟೆ ಗೀರುಗಳು ಸಾಲಾಗಿ ಕಾಣುತ್ತವೆ. ನಾಯಿ ಅಗಿದ ಮೂಳೆಯಲ್ಲಿ ಹಾಗಿರುವುದಿಲ್ಲ, ಕೋರೆಹಲ್ಲು ಊರಿದ ಕುಳಿಗಳಿರುತ್ತವೆ.

ಚಿಪ್ಪುಹಂದಿಯ ಬಿಲದ ಮುಂದೆ ಇದಾವುದೂ ಇರುವುದಿಲ್ಲ. ಅದಕ್ಕೆ ಹಲ್ಲೇ ಇಲ್ಲ. ಇರುವೆ, ಗೆದ್ದಲು ಬಿಟ್ಟರೆ ಬೇರೆ ಆಹಾರವಿಲ್ಲ. ಸುತ್ತಮುತ್ತ ಹುತ್ತ ಒಡೆದಿರುತ್ತದೆ, ಇರುವೆಗೂಡು ಬಗೆದಿರುತ್ತದೆ. ಹಸಿಮಣ್ಣಾದರೆ ಗೋಡೆಯಲ್ಲಿ ಉದ್ದನೆಯ ಉಗುರುಗೀರು ಸ್ಪಷ್ಟ. ಒಳಗಿದ್ದಾಗ ಅದು ಬಾಯಿಗೆ ಮಣ್ಣು ಮುಚ್ಚಿಕೊಂಡು ಮಲಗುವುದುಂಟು. ಹಾಗಾಗಿ ಬಾಯಿ ಮುಚ್ಚಿದ ದೊಡ್ಡ ಬಿಲವನ್ನು ಹಳೆಯದು, ಖಾಲಿ ಎಂದು ಅಗೆಯಲು ಹೋಗಬೇಡಿ. ಅದು ನಿಮ್ಮ ಒಂದು ಗೆಡ್ಡೆಯನ್ನೂ ಮುಟ್ಟುವುದಿಲ್ಲ, ಬೇರು ತಿನ್ನುವ ಗೆದ್ದಲನ್ನು ತಿಂದು ಹೋಗುತ್ತದೆ. ಇಷ್ಟು ನಿರುಪದ್ರವಿ ಪ್ರಾಣಿಯನ್ನು ಚಿಪ್ಪಿನ ಆಸೆಗೆ ಹಿಡಿದು ಕೊಲ್ಲುತ್ತಾರೆ. ಆ ಚಿಪ್ಪು ನಮ್ಮ ಉಗುರಿನಂಥದೇ ಕೆರಾಟಿನ್, ಮತ್ತೇನೂ ಅಲ್ಲ. 2016ರಲ್ಲಿ ಲೋಕದ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸಲು ರಾಷ್ಟ್ರಗಳು ತೀರ್ಮಾನಿಸಿದವು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಅದರ ಹೆಸರಿದೆ, ಉಡದ ಹೆಸರೂ ಇದೆ. ಬೇಟೆಯಾಡಿದರೆ ಕನಿಷ್ಠ 3 ವರ್ಷ ಜೈಲು. ಹೊಲದಲ್ಲಿ ಚಿಪ್ಪುಹಂದಿ ಇದೆ ಎಂದು ಗೊತ್ತಾದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಜಾಗದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚಬೇಡಿ.

ಇಷ್ಟು ನೋಡಿದ ಮೇಲೂ ಅನುಮಾನ ಉಳಿದರೆ ಒಂದು ಹಳೆಯ ಉಪಾಯವಿದೆ. ಸಂಜೆ ಬಿಲದ ಬಾಯಿಯ ಮುಂದೆ ಜರಡಿ ಹಿಡಿದ ನಯವಾದ ಮಣ್ಣನ್ನೋ ಬೂದಿಯನ್ನೋ ತೆಳ್ಳಗೆ ಹರಡಿ, ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ ನೋಡಿ. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ ಇದ್ದರೆ ನರಿಯ ಜಾತಿ. ಊರನಾಯಿಯ ಹೆಜ್ಜೆಯೂ ಹೀಗೇ ಇರುವುದರಿಂದ ಅದು ಒಳಗಿನಿಂದ ಹೊರಗೆ ಬಂದದ್ದೋ ಮೂಸಿನೋಡಿ ಹೋದದ್ದೋ ಗಮನಿಸಿ. ಹೆಜ್ಜೆಗಳ ನಡುವೆ ಬಾಲ ಎಳೆದ ಡೊಂಕು ಗೆರೆಯಿದ್ದರೆ ಉಡ. ಉದ್ದನೆಯ ಹಿಂಗಾಲಿನ ಅಚ್ಚಿನ ಜೊತೆ ಸಣ್ಣ ಸಣ್ಣ ಗೀರುಗಳು ಎಳೆದಿದ್ದರೆ ಅವು ಮುಳ್ಳುಹಂದಿಯ ಹಿಂಬದಿಯ ಮುಳ್ಳು ನೆಲಕ್ಕೆ ತಾಗಿದ ಗುರುತು. ಕೈ ಮಾತ್ರ ಯಾವ ಬಿಲಕ್ಕೂ ಹಾಕಬೇಡಿ. ಹಾವಿನ ಭಯ ಒಂದು ಕಡೆಯಾದರೆ, ಇಲಿಯ ಮೂತ್ರ ಸೇರಿದ ಹಸಿಮಣ್ಣು ಗಾಯಕ್ಕೆ ತಾಗಿ ಇಲಿಜ್ವರ ಬರುವ ಭಯ ಇನ್ನೊಂದು ಕಡೆ.

ಪಾಷಾಣದ ಬಗ್ಗೆ ಇಷ್ಟು ಕಟುವಾಗಿ ಹೇಳುವುದಕ್ಕೆ ಕಾರಣವಿದೆ. ಇಲಿಗೆಂದು ಇಟ್ಟ ವಿಷಕ್ಕೆ ತಿಂದದ್ದು ಇಲಿಯೋ ಅಲ್ಲವೋ ಎಂಬುದು ತಿಳಿಯುವುದಿಲ್ಲ. ಹೆಗ್ಗಣ ಬಿಟ್ಟುಹೋದ ಬಿಲದಲ್ಲಿ ಮುಂಗುಸಿ ಬಂದು ನೆಲೆಸಿದ್ದರೆ, ನಿಮ್ಮ ಹೊಲದ ಇಲಿ ಹಿಡಿಯುತ್ತಿದ್ದ ಪ್ರಾಣಿಯನ್ನೇ ನೀವು ಕೊಂದಂತಾಗುತ್ತದೆ. ಮುಳ್ಳುಹಂದಿಯ ಕಾಟವೇ ಖಚಿತವಾದರೂ ವಿಷ ಬೇಡ. ಎಳೆಯ ಗಿಡದ ಬುಡಕ್ಕೆ ತಂತಿಬಲೆ ಸುತ್ತಿ, ಅದರ ಅಂಚನ್ನು ಮಣ್ಣಿನೊಳಗೆ ಇಳಿಸಿ ಹೂಳಿ.

ಬಿಲವನ್ನು ಮುಚ್ಚಲೇಬೇಕಾದ ಸಂದರ್ಭವೂ ಬರುತ್ತದೆ, ಬದು ಕುಸಿಯುವಂತಿದ್ದರೆ ಮುಚ್ಚದೆ ಗತ್ಯಂತರವಿಲ್ಲ. ಆಗ ಮೊದಲು ಬಾಯಿಗೆ ಅಡ್ಡಲಾಗಿ ಒಣಕಡ್ಡಿಗಳನ್ನು ಸಡಿಲವಾಗಿ ನಿಲ್ಲಿಸಿ ಕೆಲವು ರಾತ್ರಿ ಕಾಯಿರಿ. ಬಿದ್ದರೆ ಒಳಗೆ ಯಾರೋ ಇದ್ದಾರೆ. ಬೀಳದಿದ್ದರೂ, ಬಾಯಿಗೆ ಒಳಗಿನಿಂದ ಮಣ್ಣು ಮೆತ್ತಿಲ್ಲ ಎಂದು ಖಚಿತವಾದ ಮೇಲೆಯೇ ಗುದ್ದಲಿ ಎತ್ತಿ. ಬಯಲಿನಲ್ಲಿ ಹಲವು ಬಾಯಿಗಳ ಗೂಡು ಮಾಡುವ, ಬಾಲದ ತುದಿ ಕಪ್ಪಗಿರುವ ಸಣ್ಣ ನರಿ ಮರಿ ಹಾಕುವುದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಅಂಥ ಗೂಡು ನಿಮ್ಮ ಜಮೀನಿನಲ್ಲಿದ್ದರೆ ಆ ಕೆಲಸವನ್ನು ಮರಿಗಳು ಹೊರಟುಹೋಗುವವರೆಗೆ ಮುಂದಕ್ಕೆ ಹಾಕಿ.

ನಮಸ್ಕಾರ.